ಸವೆದ ಬೆಲ್ಟು, ಹದಿನೆಂಟು ಮೆಟ್ಟಿಲು

ಅದಾ? ಅದು ಕಸ ಅಲ್ಲ ಕೋಕಿಲಾ. ಬಿಸಾಕಕ್ಕೆ ಅಂತ ಮೊಳೆಗೆ ನೇತು ಹಾಕಿಲ್ಲ. ಸ್ಯಾಂಡಿಂಗ್ ಮಷೀನಿನ ಬೆಲ್ಟುಗಳು ಅವು, ಹಳೇವು. ಉಪ್ಪು ಕಾಗದಾನ ಉಂಗುರದ ಥರ ಮಾಡಿದ್ರೆ ಹೇಗಿರುತ್ತೆ, ಹಾಗೆ. ಮಷೀನಲ್ಲಿ ಗಿರಗಿರ ಸುತ್ತುತ್ತೆ, ಮರ ಉಜ್ಜುತ್ತೆ. ನಿನಗೆ ಹೇಳಬೇಕಾ ಇದನ್ನ, ಇದೇ ಶೆಡ್ಡಲ್ಲಿ ಹೋಂವರ್ಕ್ ಮಾಡ್ಕೊಂಡು ಬೆಳೆದವಳು ನೀನು... ಕೂತ್ಕೋ. ಆ ಸ್ಟೂಲ್ ಬೇಡ, ಅದರ ಕಾಲು ಇನ್ನೂ ಒಣಗಿಲ್ಲ. ಇಲ್ಲಿ ಬಾ, ನಿಮ್ಮಪ್ಪನ ಜಾಗದಲ್ಲೇ ಕೂತ್ಕೋ... ಬೇಡ್ವಾ? ಸರಿ, ನಿಂತಿರು. ನಾನೂ ನಿಂತಿರ್ತೀನಿ.

ನಿಮ್ಮಪ್ಪನ ಉಳಿ ಪೆಟ್ಟಿಗೆ ಕೊಡ್ತೀನಮ್ಮ, ಅವಸರ ಏನು? ಶನಿವಾರ ನಿನ್ನ ಸ್ಕೂಲು ಅರ್ಧ ದಿನ, ಪಾಠ ಮುಗಿಸಿ ಮಕ್ಕಳನ್ನ ಕಳಿಸಿಯೇ ಬಂದಿದೀಯ. ಆಟೋ ಏನೂ ಕಾಯ್ತಿಲ್ವಲ್ಲ?... ಮತ್ತೆ. ಮುನಿತಾಯಮ್ಮಂಗೆ ಟೀ ಹೇಳಿದೀನಿ, ಈಗ ಬರುತ್ತೆ. ಆಮೇಲೆ ಪೆಟ್ಟಿಗೆ ನಾನೇ ಆಟೋಗೆ ಹಾಕಿಕೊಡ್ತೀನಿ. ಭಾರ ಅದು. ಇಪ್ಪತ್ತೇಳು ವರ್ಷದಿಂದ ಆ ಪೆಟ್ಟಿಗೆ ಆ ಮೂಲೆ ಬಿಟ್ಟು ಕದಲಿಲ್ಲ. ಶೆಡ್ಡು ನನಗೆ ಬಿಟ್ಟುಕೊಟ್ಟಾಗಲೂ ಆಚಾರ್ರು ಅದನ್ನ ಮಾತ್ರ ಮನೆಗೆ ತಗೊಂಡು ಹೋಗ್ಲಿಲ್ಲ. ಇದು ಇಲ್ಲೇ ಇರಲಿ, ನಾನು ಬರ್ತಾ ಇರ್ತೀನಿ ಅಂದ್ರು. ಬರ್ತಾನೂ ಇದ್ರು, ಜುಲೈ ತನಕ. ಹಾವನೂರು ಸರ್ಕಲ್ ದಾಟಿ ನಡ್ಕೊಂಡೇ ಬರೋರು, ಹನ್ನೊಂದು ಗಂಟೆ ಹೊಡೆದ್ರೆ ಬಾಗಿಲಲ್ಲಿ ಅವರ ಕೆಮ್ಮು...

ಯಾರಿಗೆ ಕೊಡ್ತಾರಂತೆ? ಕೆಂಗೇರಿ ರಾಮಯ್ಯಂಗಾ? ರಾಮಯ್ಯ ಈಗ ಮರದ ಕೆಲಸ ಮಾಡೋದೇ ಇಲ್ವಲ್ಲ, ಬರೀ ಅಲ್ಯೂಮಿನಿಯಂ ಕಿಟಕಿ. ಆ ಉಳಿಗಳನ್ನ ಇಟ್ಕೊಂಡು ಅವನೇನು ಮಾಡ್ತಾನೆ... ಹೋಗ್ಲಿ ಬಿಡು. ಅವರ ಸಾಮಾನು, ಅವರ ಇಷ್ಟ.

ಏನು ಹೇಳ್ತಿದ್ದೆ? ಬೆಲ್ಟು. ನೀನೇ ಕೇಳಿದೆ, ಹೇಳ್ತೀನಿ ಕೇಳು. ಹೊಸ ಬೆಲ್ಟು ನಾಲ್ಕು ದಿನ ಚೆನ್ನಾಗಿ ಓಡುತ್ತೆ. ಆಮೇಲೆ ಮರದ ಅಂಟು, ಹಳೇ ಪಾಲಿಶು, ಎಲ್ಲ ತುಂಬ್ಕೊಂಡು ಕಪ್ಪಗೆ ಗಟ್ಟಿಯಾಗುತ್ತೆ. ಜನ ಸವೆದೋಯ್ತು ಅಂತ ಬಿಸಾಕ್ತಾರೆ. ಸವೆದಿರಲ್ಲ, ಬಾಯಿ ಕಟ್ಟಿರುತ್ತೆ ಅಷ್ಟೇ. ಒಂದು ಹಳೇ ಹವಾಯಿ ಚಪ್ಪಲಿ ತಗೋಬೇಕು, ಬೆಲ್ಟ್ ಓಡ್ತಾ ಇರೋವಾಗಲೇ ಅದರ ಅಟ್ಟೆ ಒತ್ತಿ ಹಿಡೀಬೇಕು. ಕೊಳೆಯೆಲ್ಲ ಉಂಡೆ ಉಂಡೆಯಾಗಿ ಉದುರಿ ಹೋಗುತ್ತೆ... ಯಾಕೆ ನಗ್ತೀಯ? ನಿಜ ಕಣಮ್ಮ. ಇದನ್ನ ಕಂಡುಹಿಡಿದಿದ್ದೇ ನಿಮ್ಮಪ್ಪ. ನನ್ನ ಚಪ್ಪಲಿ ತಗೊಂಡೇ ಮಾಡಿದ್ರು. ಅವತ್ತು ನಾನು ಬರಿಗಾಲಲ್ಲಿ ಮನೆಗೆ ಹೋದೆ.

ಹಾಗೆ ಇನ್ನೊಂದು ವಾರ ಬರುತ್ತೆ. ಆಮೇಲೆ ಜಾಯಿಂಟು ಬಿಟ್ಕೊಳ್ಳುತ್ತೆ. ಅದನ್ನ ಮತ್ತೆ ಅಂಟಿಸಿ ಮಷೀನಿಗೆ ಹಾಕಬಾರದು, ಕಿತ್ತು ಮುಖಕ್ಕೆ ಹೊಡೆಯುತ್ತೆ. ಆದ್ರೆ ಬಿಸಾಕೋದೂ ಬೇಡ. ಕತ್ತರಿ ತಗೋಬೇಕು. ಇಗೋ, ಹೀಗೆ ಎರಡು ಬೆರಳಗಲ ಪಟ್ಟಿ. ಈ ತುದಿ ಹಿಡ್ಕೋ... ಸೀರೆಗೆ ಏನೂ ಆಗಲ್ಲ, ಹಿಡ್ಕೋ. ಕುರ್ಚಿ ಕಾಲಿನ ಸುತ್ತ ಹಾಕಿ, ನೀನೊಮ್ಮೆ ನಾನೊಮ್ಮೆ ಎಳೀಬೇಕು. ಶೂ ಪಾಲಿಶ್ ಮಾಡೋರು ಬಟ್ಟೆ ಎಳೀತಾರಲ್ಲ, ಹಾಗೆ. ಗುಂಡಗಿರೋ ಮರಕ್ಕೆ ಇದಕ್ಕಿಂತ ಚೆನ್ನಾದ್ದು ಯಾವ ಮಷೀನೂ ಇಲ್ಲ. ನೋಡು, ಹೇಗೆ ಬಂತು. ಮುಟ್ಟಿ ನೋಡು.

ಬಿಡು, ಸಾಕು. ಕೈ ಒರೆಸ್ಕೋ.

ಇದು ನೋಡು, ಪ್ಲೈವುಡ್ ತುಂಡಿಗೆ ಎರಡೂ ಕಡೆ ಅಂಟಿಸಿದೀನಿ. ಒಂದು ಕಡೆ ಒರಟು, ಒಂದು ಕಡೆ ನಯ. ಮೂಲೆ ಉಜ್ಜಕ್ಕೆ. ಇದು ಹಿಂಭಾಗದ ಬಟ್ಟೆ, ಇದಕ್ಕೆ ಪಾಲಿಶ್ ಸೋಪ್ ಹಚ್ಚಿ ಉಳಿ ಮಸೆದ್ರೆ ಕೂದಲು ಕುಯ್ಯುತ್ತೆ. ಮರ ಕುಯ್ಯೋವಾಗ ಜಾರಬಾರದು ಅಂತ ಟೇಬಲ್ ಅಂಚಿಗೆ ಒಂದು ಹಾಕಿದೀನಿ. ಮುನಿತಾಯಮ್ಮ ಬಂದು ಮೊಳದುದ್ದ ತಗೊಂಡು ಹೋಗ್ತಾರೆ, ಪಾತ್ರೆ ತಳದ ಮಸಿ ಉಜ್ಜಕ್ಕೆ. ಅವರ ಈಳಿಗೆ ಮಣೆ ಮಸೆದುಕೊಟ್ಟಿದ್ದೂ ಇದರಲ್ಲೇ. ತೆಂಗಿನ ಚಿಪ್ಪು ಉಜ್ಜಿ ಸೌಟು ಮಾಡಿದೀನಿ, ಎಲ್ಲೋ ಇತ್ತು... ಇಲ್ಲೇ ಇಟ್ಟಿದ್ದೆ. ಇರು, ಹುಡುಕ್ತೀನಿ. ಈ ಶೆಲ್ಫಲ್ಲಿ...

ಏನಂದೆ?

ಹ್ಞೂಂ. ನಿಮ್ಮ ಮನೆ ಮೆಟ್ಟಿಲಿಗೆ ಹಾಕಿದ್ದೂ ಇದೇ.

ಇಲ್ಲ, ಸೌಟು ಸಿಗ್ತಿಲ್ಲ. ಯಾರೋ ತಗೊಂಡು ಹೋಗಿರಬೇಕು. ಈ ಟೀ ಬೇರೆ ಯಾಕೆ ಇನ್ನೂ ಬಂದಿಲ್ವೋ. ಫ್ಯಾನ್ ಹಾಕ್ಲಾ? ಧೂಳು ಏಳುತ್ತೆ ಅಂತ ಹಾಕಿಲ್ಲ. ಪಕ್ಕದ ಶೆಡ್ಡಲ್ಲಿ ಗ್ರೈಂಡಿಂಗ್ ಶುರು ಮಾಡಿದ್ರೆ ಮಾತೇ ಕೇಳಿಸಲ್ಲ, ಇವತ್ತು ಪುಣ್ಯಕ್ಕೆ ಸುಮ್ಮನಿದಾರೆ... ಹೌದಮ್ಮ, ಆ ಬೆಲ್ಟೇ. ಮೇ ತಿಂಗಳಲ್ಲಿ. ನೀನು ರಾಜಾಜಿನಗರದ ಅಂಗಡಿಯಿಂದ ಕಾಲು ಜಾರದ ಹಾಗೆ ಅಂಟಿಸೋ ರೆಡಿಮೇಡ್ ಟೇಪ್ ತರ್ತೀನಿ ಅಂದಿದ್ದೆ, ಜ್ಞಾಪಕ ಇದೆ. ನಾನೇ ಬೇಡ ಅಂದೆ. ನಿಮ್ಮ ಮನೇದು ಹೊರಗಡೆ ಕೆಂಪು ಗಾರೆ ಮೆಟ್ಟಿಲು, ನಲವತ್ತು ವರ್ಷ ಓಡಾಡಿ ಕನ್ನಡಿ ಆಗಿದೆ, ಒಂದು ಹನಿ ನೀರು ಬಿದ್ರೆ ಸಾಕು. ಆಚಾರ್ರಿಗೆ ಎಪ್ಪತ್ತೊಂದು. ಹಾಲು ತರಕ್ಕೆ ದಿನಾ ಅವರೇ ಇಳಿಯೋರು. ನನ್ನ ಹತ್ರ ಇಷ್ಟೊಂದು ಬೆಲ್ಟ್ ಬಿದ್ದಿರೋವಾಗ ಅಂಗಡಿದು ಯಾಕೆ ಅನ್ನಿಸ್ತು. ಅವರ ಕೈಕೆಳಗೆ ಕಲಿತವನು ನಾನು. ಅವರ ಮನೆಗೆ ನನ್ನ ಕೈಯಿಂದ ಒಂದು ಕೆಲಸ ಆಗಲಿ ಅಂತ... ಅವರಿಗೆ ಎಷ್ಟು ಖುಷಿಯಾಯ್ತು ನೋಡಿದ್ಯಲ್ಲ ನೀನೇ. ಬರೋರಿಗೆಲ್ಲ ತೋರಿಸೋರು. ಇದು ನಮ್ಮ ನಾಗೇಂದ್ರ ಮಾಡಿದ್ದು, ಬಿಸಾಕೋ ಬೆಲ್ಟು ಅಂತ ಹೇಳಿದ್ರೆ ಯಾರೂ ನಂಬಲ್ಲ ಅಂತ.

ಹೇಗಿದ್ದಾರೆ ಈಗ?

... ಬರಬೇಕು ಅಂತ ದಿನಾ ಅಂದ್ಕೊಳ್ತೀನಿ. ಎರಡು ಸಲ ಬಂದಿದ್ದೆ. ಎರಡೇ ಸಲ, ಹೌದು. ಕೆಲಸ. ಮಹಾಲಕ್ಷ್ಮಿ ಲೇಔಟಲ್ಲಿ ಒಂದು ಮನೆ ಪೂರ್ತಿ ಒಪ್ಕೊಂಡಿದೀನಿ, ಬಾಗಿಲು, ಅಡುಗೆಮನೆ, ಎಲ್ಲ. ಅದಕ್ಕೇ ಆಗಲಿಲ್ಲ.

ಬಾಲ್ಕನಿಗೂ ಬರಲ್ವಾ? ಡಾಕ್ಟ್ರು ಓಡಾಡಿ ಅಂದಿದ್ರಲ್ಲ. ಸೊಂಟದ ಮೂಳೆ ಕೂಡಿದೆ, ರಾಡ್ ಸರಿಯಾಗಿ ಕೂತಿದೆ, ಒಂದು ಕೋಲು ಹಿಡ್ಕೊಂಡು ಎಲ್ಲಿಗೆ ಬೇಕಾದ್ರೂ ಹೋಗಬಹುದು ಅಂತ... ಗೊತ್ತಮ್ಮ, ಡಾಕ್ಟ್ರು ಹೇಳೋದು ಬೇರೆ, ಮನಸ್ಸು ಬೇರೆ. ಆದ್ರೂ ಮೂರು ತಿಂಗಳು. ಮೂರು ತಿಂಗಳಿಂದ ಹೊಸಲು ದಾಟಿಲ್ವಾ? ಫಿಸಿಯೋದವನು ಬರ್ತಿದ್ನಲ್ಲ?... ಅವನನ್ನೂ ಬೇಡ ಅಂದ್ರಾ.

ಏನಂತಾರೆ?

... ಕಾಲು ನನ್ನ ಮಾತು ಕೇಳಲ್ಲ ಅಂತಾರಾ. ಕಾಲು ನಂಬಕ್ಕಾಗದವನು ಉಳಿ ಹಿಡೀಬಾರದು ಅಂತಾರಾ? ಅದಕ್ಕೇ ಪೆಟ್ಟಿಗೆ ಕೊಟ್ಟುಬಿಡೋದು... ಇಲ್ಲ ಕೋಕಿಲಾ. ಅದು ಹಾಗಲ್ಲ. ಅವರ ಕೈ ನಾನು ನೋಡಿದೀನಿ. ಜೂನಲ್ಲಿ, ಬೀಳೋಕೆ ಇಪ್ಪತ್ತು ದಿನ ಮುಂಚೆ, ದೇವರ ಮಂಟಪದ ಬಾಗಿಲಿಗೆ ಬಳ್ಳಿ ಕೆತ್ತಿಕೊಟ್ರು, ಇದೇ ಜಾಗದಲ್ಲಿ ಕೂತ್ಕೊಂಡು. ಒಂದು ಗೆರೆ ಅಲುಗಿಲ್ಲ. ಅಂಥಾ ಕೈ ಇರೋರಿಗೆ ಕಾಲು ಯಾಕೆ ತಪ್ಪುತ್ತೆ? ಎಲ್ಲರೂ ಜಾರ್ತಾರೆ, ನಾನೂ ಜಾರ್ತೀನಿ. ಮಳೆ ಬಂದಿತ್ತು ಅವತ್ತು. ಅದನ್ನ ಅಷ್ಟು ದೊಡ್ಡದು ಮಾಡ್ಕೊಂಡ್ರೆ ಹೇಗೆ? ನೀನು ಹೇಳಬೇಕಮ್ಮ ಅವರಿಗೆ... ಹೇಳಿದೀಯಾ. ಹೇಳಿರ್ತೀಯ, ಗೊತ್ತು.

ತಲೆ ಸ್ಕ್ಯಾನೂ ಮಾಡಿಸಿದ್ರಾ? ಯಾಕೆ?... ಕಿವಿ ಡಾಕ್ಟ್ರು ಬೇರೆ. ತಲೆಸುತ್ತು ಬಂದಿರಬಹುದು ಅಂತಾನಾ... ಏನೂ ಇಲ್ಲ ಅಂದ್ರು ತಾನೇ. ನೋಡು, ಏನೂ ಇಲ್ಲ. ಏನೂ ಇರಲ್ಲ. ಅವರಿಗೇನಾಗಿದೆ? ಮೇಲಿಂದ ಮೂರನೇ ಮೆಟ್ಟಿಲಲ್ಲಿ ಕಾಲು ಜಾರಿದ್ರೆ ಯಾರಾದ್ರೂ ಕೆಳಗಿನ ತನಕ ಹೋಗಿ ಬೀಳ್ತಾರೆ. ಹಿಡ್ಕೊಳ್ಳೋಕೆ ಆ ಕಡೆ ಕಂಬಿಯೂ ಇಲ್ಲ. ಅದಕ್ಕೆ ತಲೆಸುತ್ತೇ ಬರಬೇಕು ಅಂತೇನಿಲ್ಲ. ನಾನು ಒಂದು ಕಂಬಿ ಮಾಡಿಕೊಡ್ತೀನಿ ಬೇಕಾದ್ರೆ, ತೇಗದಲ್ಲೇ ಮಾಡ್ತೀನಿ, ಈ ವಾರದಲ್ಲೇ ಬಂದು ಅಳತೆ...

ಯಾಕೆ ಹಾಗೆ ನೋಡ್ತೀಯ?

ಏನಂದೆ ನಾನು? ಕಂಬಿ ಮಾಡಿಕೊಡ್ತೀನಿ ಅಂದೆ.

... ಮೂರನೇ ಮೆಟ್ಟಿಲು ಅಂದ್ನಾ? ಅಂದಿರಬಹುದು. ನೀನೇ ಹೇಳಿದ್ದೆ. ಆಸ್ಪತ್ರೆಯಲ್ಲಿ... ಇಲ್ವಾ? ಹಾಗಾದ್ರೆ ಮೋಹನ್ ಕುಮಾರ್ ಹೇಳಿದ್ರು. ನಿಮ್ಮ ಯಜಮಾನ್ರು ಹೇಳಿರಬೇಕು. ಅಥವಾ ಆಚಾರ್ರೇ...

ಆಚಾರ್ರಿಗೆ ಗೊತ್ತಿಲ್ಲ, ಹೌದು. ಎಲ್ಲಿ ಜಾರಿದೆ ಅಂತ ಗೊತ್ತೇ ಆಗಲಿಲ್ಲ ಅಂತ ಆಂಬುಲೆನ್ಸಲ್ಲೂ ಅದನ್ನೇ ಹೇಳ್ತಿದ್ರಂತಲ್ಲ. ನೀನು ಸ್ಕೂಲಿಗೆ ರೆಡಿಯಾಗ್ತಿದ್ದೆ. ಕೆಳಗಡೆ ಬಾಡಿಗೆಯವರು ಸದ್ದು ಕೇಳಿ ಬಂದ್ರು. ಯಾರೂ ನೋಡಿಲ್ಲ...

 

ಟೀ ಬಂತು. ಅಲ್ಲೇ ಇಡಿ ಮುನಿತಾಯಮ್ಮ, ಆಮೇಲೆ ತಗೋತೀವಿ. ಆಮೇಲೆ... ಇಲ್ಲ, ಏನಿಲ್ಲ. ನೀವು ಹೋಗಿ.

ಕುಡಿ. ಆರೋಗುತ್ತೆ.

ಕೋಕಿಲಾ, ನೀನು ಐದನೇ ಕ್ಲಾಸಲ್ಲಿದ್ದಾಗಿಂದ ನಿನ್ನನ್ನ ನೋಡ್ತಿದೀನಿ ನಾನು. ನೀನು ಅತ್ತರೆ ನನಗೆ ಗೊತ್ತಾಗುತ್ತೆ, ಕೋಪ ಬಂದ್ರೆ ಗೊತ್ತಾಗುತ್ತೆ. ಇದು ಏನು ಅಂತ ಗೊತ್ತಾಗ್ತಿಲ್ಲ. ಬಯ್ದುಬಿಡು. ಏನು ಮಾಡಿದೆ ಅಂತ ಕೇಳು. ಕೇಳಿದ್ರೆ ನಾನು ಏನಾದ್ರೂ ಒಂದು ಹೇಳಬಹುದು. ಸುಮ್ಮನೆ ನಿಂತ್ರೆ ನಾನು...

ಹದಿನೆಂಟು ಮೆಟ್ಟಿಲು. ಕೆಳಗಿಂದ ಶುರು ಮಾಡಿದ್ದೆ. ಭಾನುವಾರ ಅದು. ಹಳದಿ ಸೊಲ್ಯೂಷನ್ ಒಂದು ಡಬ್ಬ ತಂದಿದ್ದೆ, ರಬ್ಬರ್ ಅಂಟಿಸ್ತಾರಲ್ಲ, ಅದು. ಅದಕ್ಕೆ ಮಳೆಯೂ ಇಲ್ಲ, ಬಿಸಿಲೂ ಇಲ್ಲ, ಅಂಟಿದ್ರೆ ಅಂಟಿದ ಹಾಗೆ. ಹದಿನೈದು ಮೆಟ್ಟಿಲಿಗೆ ಡಬ್ಬ ಖಾಲಿಯಾಯ್ತು. ಭಾನುವಾರ ಮಧ್ಯಾಹ್ನ ಅಂಗಡಿ ಎಲ್ಲಿರುತ್ತೆ? ಬ್ಯಾಗಲ್ಲಿ ಬಿಳಿ ಗಮ್ಮು ಇತ್ತು, ಮರಕ್ಕೆ ಹಾಕೋದು. ಅದಕ್ಕೆ ನೀರು ತಾಗಬಾರದು. ಮರದ ಕೆಲಸದವರ ಮನೆ ಬೆಕ್ಕಿಗೂ ಗೊತ್ತು ಅದು. ಮೇಲಿನ ಮೂರಕ್ಕೆ ಅದನ್ನ ಹಾಕಿದೆ. ಇವತ್ತಿಗೆ ಇರಲಿ, ಮುಂದಿನ ವಾರ ಬಂದು ಕಿತ್ತು ಸರಿ ಮಾಡ್ತೀನಿ ಅಂತ. ಅರ್ಧಕ್ಕೆ ಬಿಟ್ಟು ಹೋಗಬಹುದಿತ್ತು. ಆದ್ರೆ ಆಚಾರ್ರು ಮೇಲೆ ನಿಂತ್ಕೊಂಡು ನೋಡ್ತಿದ್ರು, ಕಾಫಿ ಲೋಟ ಹಿಡ್ಕೊಂಡು. ಅವರ ಮುಂದೆ, ಸಾಮಾನು ಸಾಕಾಗಲಿಲ್ಲ, ಅಳತೆ ತಪ್ಪಿದೆ ಅನ್ನಬೇಕಿತ್ತು. ನಲವತ್ತಾರು ವರ್ಷ ನನಗೆ. ಅಷ್ಟು ಹೇಳಕ್ಕೆ ಆಗಲಿಲ್ಲ.

ಅವರು ಕೇಳಿದ್ರು. ಮೇಲಿನದಕ್ಕೂ ಅದೇ ಗಮ್ಮಾ ಅಂತ ಬಾಯಿಬಿಟ್ಟು ಕೇಳಿದ್ರು. ಅದೇ ಆಚಾರ್ರೇ ಅಂದೆ.

ಮುಂದಿನ ವಾರ ಹೋಗಲಿಲ್ಲ. ಅದರ ಮುಂದಿನ ವಾರಾನೂ ಹೋಗಲಿಲ್ಲ. ಮೇ ಮುಗೀತು, ಜೂನ್ ಮುಗೀತು, ಪಟ್ಟಿ ಗಟ್ಟಿಯಾಗೇ ಇದೆಯಲ್ಲ ಅಂತ ನಾನೂ ಸುಮ್ಮನಾದೆ. ಮಳೆ ಬಂದಾಗ ಒಂದೊಂದು ಸಲ ಆ ಮೂರು ಪಟ್ಟಿ ಜ್ಞಾಪಕ ಬರೋದು. ಬೆಳಗ್ಗೆ ಅವರು ಹನ್ನೊಂದಕ್ಕೆ ಬಂದು ಬಾಗಿಲಲ್ಲಿ ಕೆಮ್ಮಿದ್ರೆ, ಸದ್ಯ, ಅಂದ್ಕೊಂಡು ಮತ್ತೆ ಮರೀತಿದ್ದೆ.

ಅವತ್ತು ಅವರನ್ನ ಆಪರೇಷನ್‌ಗೆ ಒಳಗೆ ಕರ್ಕೊಂಡು ಹೋದ ಮೇಲೆ ನೀನೇ ನನ್ನನ್ನ ಮನೆಗೆ ಕಳಿಸಿದೆ, ಬಟ್ಟೆ, ಆಧಾರ್ ಕಾರ್ಡು ತಗೊಂಡು ಬನ್ನಿ ನಾಗೇಂದ್ರಣ್ಣ ಅಂತ. ಹೋದೆ. ಮೂರನೇ ಮೆಟ್ಟಿಲಿನ ಪಟ್ಟಿ ಅರ್ಧ ಎದ್ದು, ಅಂಚಲ್ಲಿ ಮಡಚಿಕೊಂಡು ಬಿದ್ದಿತ್ತು. ಅಡಿಯಲ್ಲಿ ಗಮ್ಮು ನೆನೆದು ಗಂಜಿ ಆಗಿತ್ತು. ಅದರ ಮೇಲೆ ಅವರ ಹಿಮ್ಮಡಿ ಎಳೆದ ಗುರುತು... ಮಳೆ ಆಮೇಲೂ ಬಂದಿತ್ತು, ಆದ್ರೂ ಗುರುತು ಇತ್ತು.

ಅಲ್ಲೇ ಹಾಗೇ ಬಿಟ್ಟಿದ್ರೆ ನೀವೇ ನೋಡ್ತಿದ್ರಿ. ನಾನು ತೆಗೆದು ಬ್ಯಾಗಿಗೆ ಹಾಕ್ಕೊಂಡೆ. ಬಟ್ಟೆ, ಕಾರ್ಡು ತಂದು ನಿನ್ನ ಕೈಗೆ ಕೊಟ್ಟೆ. ನೀನು ನನ್ನ ಕೈ ಹಿಡ್ಕೊಂಡು ನೀವಿಲ್ಲದಿದ್ರೆ ಏನು ಮಾಡ್ತಿದ್ದೆ ಅಣ್ಣ ಅಂದೆ. ಸಂಜೆ ಮತ್ತೆ ಮನೆಗೆ ಹೋದೆ, ಬಾಗಿಲು ಹಾಕಿದೆಯಾ ನೋಡ್ಕೊಂಡು ಬರ್ತೀನಿ ಅಂತ. ಮೇಲೆ ಉಳಿದಿದ್ದ ಎರಡನ್ನೂ ಕಿತ್ತು, ಒರೆಸಿ, ಸ್ಟೌವಿನ ಬಿಸಿ ಹಂಚು ಇಟ್ಟು ಗಾರೆ ಒಣಗಿಸಿ, ಮೂರಕ್ಕೂ ಹೊಸ ಪಟ್ಟಿ, ಹಳದಿ ಸೊಲ್ಯೂಷನ್. ಬಣ್ಣ ಬೇರೆ ಕಾಣಬಾರದು ಅಂತ ಹೊಸದಕ್ಕೆ ಮಣ್ಣು ಕೂಡ ಉಜ್ಜಿದೆ. ಅಷ್ಟು ನೀಟಾಗಿ ಮಾಡಿದೆ. ಮೇ ತಿಂಗಳಲ್ಲಿ ಮಾಡಬೇಕಾಗಿದ್ದ ಕೆಲಸ.

ಆಮೇಲೆ ಮೋಹನ್ ಕುಮಾರ್ ಹದಿನೆಂಟು ಪಟ್ಟಿನೂ ಎಳೆದು ನೋಡಿದ್ರಂತಲ್ಲ. ಒಂದೂ ಅಲ್ಲಾಡಲಿಲ್ಲ. ನಾನು ಮೊದಲನೇ ಸಲ ನೋಡಕ್ಕೆ ಬಂದಾಗ ಆಚಾರ್ರು ಮಂಚದ ಮೇಲಿಂದಲೇ ನನಗೆ ಸಮಾಧಾನ ಹೇಳಿದ್ರು ಕೋಕಿಲಾ. ನೀನು ಏನೂ ಅಂದ್ಕೋಬೇಡ, ನಿನ್ನ ಕೆಲಸದಲ್ಲಿ ತಪ್ಪಿಲ್ಲ, ಅಳಿಯಂದಿರು ನೋಡಿದ್ರು, ನಂದೇ ಕಾಲು ಹೋಯ್ತು ಅಂತ. ಅವತ್ತೇ ಹೇಳಬೇಕಿತ್ತು. ಬಾಯಿ ತನಕ ಬಂತು. ಹಾರ್ಲಿಕ್ಸ್ ಬಾಟ್ಲಿ ಪಕ್ಕದಲ್ಲಿಟ್ಟು ಎದ್ದು ಬಂದೆ.

ಮೂಳೆ ಮುರಿದಿದ್ದು ಕೂಡುತ್ತೆ ಅಂದ್ಕೊಂಡೆ. ಕೂಡಿತು. ಇದು ಹೀಗೆ ಆಗುತ್ತೆ ಅಂತ ನನಗೆ ಗೊತ್ತಿರಲಿಲ್ಲ. ತಮ್ಮ ಕಾಲನ್ನೇ ತಾವು ನಂಬದೆ ಕೂತ್ಕೊಳ್ತಾರೆ ಅಂತ... ಸುಳ್ಳು. ಸ್ವಲ್ಪ ಗೊತ್ತಿತ್ತು. ಎರಡನೇ ಸಲ ಬಂದಾಗಲೇ ಗೊತ್ತಾಯ್ತು. ಬಚ್ಚಲಿಗೆ ಹೋಗಕ್ಕೂ ಗೋಡೆ ಹಿಡ್ಕೊಳ್ತಿದ್ರು. ಅದಕ್ಕೇ ಮೂರನೇ ಸಲ ಬರಲಿಲ್ಲ ನಾನು.

... ಏನು ಮಾಡ್ತಿದೀಯ? ಯಾರಿಗೆ ಫೋನು? ಮೋಹನ್ ಕುಮಾರ್‌ಗಾ?

ಅಪ್ಪಂಗಾ? ಈಗ್ಲಾ? ಬೇಡ. ಕೋಕಿಲಾ, ಫೋನಲ್ಲಿ ಬೇಡ, ನಾನೇ ಬರ್ತೀನಿ, ಸಂಜೆ ಬಂದು ಎದುರು ಕೂತ್ಕೊಂಡು... ಸ್ಪೀಕರ್ ಹಾಕಬೇಡಮ್ಮ. ರಿಂಗಾಗ್ತಿದೆ. ಕಟ್ ಮಾಡು. ನೀನಾದ್ರೂ ಮಾತಾಡ್ತೀಯಾ? ನಾನೇ ಹೇಗೆ...

ಹಲೋ. ಆಚಾರ್ರೇ. ಇಲ್ಲ, ಕೋಕಿಲಾ ಅಲ್ಲ, ನಾನು ನಾಗೇಂದ್ರ. ಅವಳ ಫೋನಿಂದ... ಹ್ಞಾಂ, ಇಲ್ಲೇ ಇದ್ದಾಳೆ. ಚೆನ್ನಾಗಿದಾಳೆ. ಊಟ ಆಯ್ತು. ನಿಮ್ಮದು?... ಪೆಟ್ಟಿಗೆ ಇನ್ನೂ ಕೊಟ್ಟಿಲ್ಲ. ಅದಕ್ಕೆ ಮುಂಚೆ ಒಂದು ಮಾತು... ಇಲ್ಲ ಆಚಾರ್ರೇ, ರಾಮಯ್ಯನ ವಿಷಯ ಅಲ್ಲ. ಮೆಟ್ಟಿಲಿನ ವಿಷಯ.

ಮೇ ತಿಂಗಳಲ್ಲಿ ಪಟ್ಟಿ ಅಂಟಿಸೋವಾಗ ನೀವು ನನ್ನನ್ನ ಒಂದು ಮಾತು ಕೇಳಿದ್ರಿ. ಮೇಲಿನದಕ್ಕೂ ಅದೇ ಗಮ್ಮಾ ಅಂತ. ನಾನು ಅದೇ ಅಂದೆ. ಅದು ಅದಲ್ಲ.

... ಬಿಳೀದು ಆಚಾರ್ರೇ.

ಮೂರಕ್ಕೆ. ಮೇಲಿನ ಮೂರಕ್ಕೆ.

ಹೌದು. ಗೊತ್ತಿತ್ತು. ನೀವು ಕೇಳಿದಾಗಲೂ ಗೊತ್ತಿತ್ತು... ಅವತ್ತು ಮಳೆಗೆ ನೆನೆದು ಎದ್ದಿತ್ತು. ನೀವು ಕಾಲಿಟ್ಟಾಗ ಪಟ್ಟಿ ಜಾರಿತು. ನಿಮ್ಮ ಕಾಲು ಜಾರಲಿಲ್ಲ. ಆಮೇಲೆ ಸಂಜೆ ನಾನೇ ಬಂದು, ಯಾರಿಗೂ ಹೇಳದೆ, ಮೂರನ್ನೂ ಕಿತ್ತು ಬೇರೆ ಹಾಕಿದೆ. ಮೋಹನ್ ಕುಮಾರ್ ಎಳೆದು ನೋಡಿದ್ದು ಆ ಹೊಸದನ್ನ.

ಆಚಾರ್ರೇ?

ಆಚಾರ್ರೇ, ಕೇಳಿಸ್ತಾ?

... ಇರು, ಅಂದ್ರು. ಅಷ್ಟೇ. ಫೋನ್ ಎಲ್ಲೋ ಇಟ್ರು. ಕೋಕಿಲಾ, ಮನೇಲಿ ಯಾರಿದ್ದಾರೆ ಅವರ ಜೊತೆ? ಯಾರೂ ಇಲ್ವಾ?... ಸ್ವಲ್ಪ ಸುಮ್ಮನಿರು, ಏನೋ ಸದ್ದು. ಕುರ್ಚಿ ಸರಿಸಿದ್ರು. ಕೋಲು ಅದು, ಕೋಲಿನ ಸದ್ದು. ದೂರ ಹೋಗ್ತಿದೆ... ಚಿಲಕ ತೆಗೆದ್ರಾ?

ಕೂಗಬೇಡ. ಬೇಡ ಕೋಕಿಲಾ, ಈಗ ಕೂಗಿದ್ರೆ ಗಾಬರಿಯಾಗ್ತಾರೆ. ಮೆಟ್ಟಿಲ ಹತ್ರ ಹೋಗ್ತಿದ್ದಾರೆ. ಅವರಿಗೆ ನನ್ನ ಮಾತು ಸಾಕಾಗಲ್ಲ, ಕೈಯಿಂದ ಎಳೆದೇ ನೋಡಬೇಕು. ನೋಡಲಿ ಬಿಡು. ಈಗ ಇರೋದು ಕಿತ್ತು ಬರಲ್ಲ.